ಕುರಿಯನ್ನು ಕೇಳುವುದು

(ಶಿರಸಿಯಲ್ಲಿ ಒಂದು ಸಂಜೆ ಮಾಡಿದ ಉಪನ್ಯಾಸದ ಬರಹ ರೂಪ)

ಇಲ್ಲಿ ಕುಳಿತವರಲ್ಲಿ ಕುರಿ ಸಾಕಿದವರು ಎಷ್ಟು ಮಂದಿ? ಕೈ ಎತ್ತಿ. ಇಬ್ಬರು. ಆಕಳು, ಎಮ್ಮೆ ಸಾಕಿದವರು? ಹೆಚ್ಚುಕಡಿಮೆ ಎಲ್ಲರೂ. ಕೊಟ್ಟಿಗೆಯಲ್ಲಿ ಆಕಳು ಕೂಗಿದರೆ ಅಡುಗೆಮನೆಯಲ್ಲಿ ಕೂತೇ ನೀವು ಹೇಳುತ್ತೀರಿ: ಇದು ಬಾಯಾರಿಕೆ, ಇದು ಕರುವನ್ನು ಕರೆಯುವುದು, ಇದು ಬೆದೆಗೆ ಬಂದದ್ದು. ಕುರಿಯ ವಿಷಯದಲ್ಲಿ ನಮಗೆ ಆ ಕಿವಿ ಬೆಳೆದಿಲ್ಲ. ಅದಕ್ಕೆ ಕಾರಣ ಮಳೆ. ಕೆಸರಲ್ಲಿ ನಿಂತ ಕುರಿಯ ಗೊರಸು ಕೊಳೆಯುತ್ತದೆ, ನೆನೆದ ಉಣ್ಣೆ ವಾರವಾದರೂ ಆರುವುದಿಲ್ಲ. ಹಾಗಾಗಿ ಘಟ್ಟದ ಮೇಲೂ ಕೆಳಗೂ ನಮ್ಮವರು ಕುರಿ ಕಟ್ಟಲಿಲ್ಲ. ಕಾರವಾರ, ಅಂಕೋಲಾ ಕಡೆಯವರಿಗೆ ಆಡು ಗೊತ್ತು. ಶಿರಸಿ, ಸಿದ್ದಾಪುರದ ತೋಟದವರಿಗೆ ಕುರಿ ಅಂದರೆ ಲಾರಿಯಲ್ಲಿ ಬಂದಿಳಿಯುವ ಗೊಬ್ಬರದ ಚೀಲ.

ಆದರೆ ಭತ್ತದ ಕೊಯ್ಲು ಮುಗಿದ ಮೇಲೆ ಬನವಾಸಿ ಕಡೆಗೋ ಮುಂಡಗೋಡ ಕಡೆಗೋ ಹೋಗಿ. ಬಯಲುಸೀಮೆಯ ಕುರಿಗಾರರು ಮಂದೆ ಹೊಡೆದುಕೊಂಡು ಬಂದಿರುತ್ತಾರೆ. ಹಗಲು ಕೂಳೆ ಗದ್ದೆಗಳಲ್ಲಿ ಮೇವು, ರಾತ್ರಿ ಯಾರೋ ಒಬ್ಬರ ಗದ್ದೆಯಲ್ಲಿ ಬಲೆ ಕಟ್ಟಿ ಮಂದೆ ತರುಬುವುದು. ಹಿಕ್ಕೆ, ಗಂಜಲ ಗದ್ದೆಗೆ ಬೀಳುತ್ತದೆ. ಗದ್ದೆಯವರು ಕಾಳೋ ಹಣವೋ ಕೊಡುತ್ತಾರೆ. ನಾನು ಪಶುವೈದ್ಯನಾಗಿ ಆ ಭಾಗದಲ್ಲಿ ಹಲವು ವರ್ಷ ಇದ್ದೆ. ಕುರಿಯ ಮಟ್ಟಿಗೆ ನನ್ನ ಕಿವಿಯನ್ನು ತಿದ್ದಿದ್ದು ಆ ಗದ್ದೆಗಳು.

'ಕುರೀನ ಕೇಳಿ ಮಸಾಲೆ ಅರೀತಾರಾ?' ಅಂತ ಒಂದು ಗಾದೆ ಇದೆಯಲ್ಲ. ನಮ್ಮ 'ಕೇಳು' ಎಂಬ ಮಾತಿಗೆ ಎರಡು ಕೆಲಸ. ಪ್ರಶ್ನೆ ಕೇಳುವುದೂ ಅದೇ, ಸದ್ದು ಕೇಳುವುದೂ ಅದೇ. ಗಾದೆ ಮೊದಲನೆಯದರ ಮಾತಾಡುತ್ತದೆ. ನಾನು ಈ ಸಂಜೆ ಎರಡನೆಯದರ ಬಗ್ಗೆ ಹೇಳಬೇಕು ಅಂತಿದ್ದೇನೆ.

ಕುರಿ ಹೇಗೆ ಕೂಗುತ್ತದೆ ಎಂದು ಮಗುವನ್ನು ಕೇಳಿ, 'ಬ್ಯಾ' ಅನ್ನುತ್ತದೆ. ಸರಿಯೇ. ಆದರೆ ಅದು ಕುರಿಯ ಎರಡು ದನಿಗಳಲ್ಲಿ ಒಂದು ಮಾತ್ರ. ಬಾಯಿ ತೆರೆದು, ಕೊರಳೆತ್ತಿ, ಎತ್ತರದ ಸ್ವರದಲ್ಲಿ ಕೂಗುವುದು ಆ 'ಬ್ಯಾ'. ಅದು ದೂರಕ್ಕೆ ಹೋಗಲೆಂದೇ ಹುಟ್ಟಿದ ದನಿ. ಇನ್ನೊಂದನ್ನು ಬಾಯಿ ಮುಚ್ಚಿಯೇ ಹೊರಡಿಸುತ್ತದೆ. ಗಂಟಲಲ್ಲಿ ಹುಟ್ಟಿ ಮೂಗಿನಿಂದ ಬರುವ ತಗ್ಗಿನ ಗುನುಗು, ತುಂಡು ತುಂಡಾಗಿ, 'ಹ್ಮ್-ಹ್ಮ್-ಹ್ಮ್' ಅಂದ ಹಾಗೆ. ನಾಲ್ಕು ಮಾರು ಆಚೆ ನಿಂತರೆ ಅದು ನಿಮಗೆ ಕೇಳುವುದೇ ಇಲ್ಲ. ರಸ್ತೆಯಲ್ಲಿ ಮಂದೆ ದಾಟುವಾಗ ಬಸ್ಸಿನ ಕಿಟಕಿಯಿಂದ ನಾವು ಕೇಳಿದ್ದೆಲ್ಲ ಮೊದಲನೆಯ ದನಿ. ಕುರಿಯ ಬದುಕಿನ ಅತಿ ಮುಖ್ಯ ಮಾತುಗಳೆಲ್ಲ ಇರುವುದು ಎರಡನೆಯದರಲ್ಲಿ ಎಂದು ನನಗೆ ತಿಳಿಯಲು ಬಹಳ ಕಾಲ ಹಿಡಿಯಿತು.

ಆ ಗುನುಗು ಶುರುವಾಗುವುದು ಹೆರಿಗೆಯ ಹೊತ್ತಿಗೆ. ಐದು ತಿಂಗಳು ಹೊತ್ತ ಕುರಿ ಮಂದೆಯಿಂದ ಸ್ವಲ್ಪ ಸರಿದು ನಿಲ್ಲುತ್ತದೆ, ನೆಲ ಕೆರೆಯುತ್ತದೆ, ಮಲಗಿ ಏಳುತ್ತದೆ. ಮರಿ ನೆಲಕ್ಕೆ ಬಿದ್ದ ಕೂಡಲೇ ತಿರುಗಿ ನೆಕ್ಕತೊಡಗುತ್ತದೆ, ನೆಕ್ಕುತ್ತಲೇ ಗುನುಗುತ್ತದೆ. ಇದರ ಹಿಂದಿನ ಕೆಲಸ ನೋಡಿ. ಮರಿ ಹೊರಬರುವಾಗ ಹೆರಿಗೆಯ ದಾರಿ ಹಿಗ್ಗುತ್ತದಲ್ಲ, ಆ ಹಿಗ್ಗುವಿಕೆಯೇ ತಾಯಿಯ ಮಿದುಳಿನಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನನ್ನು ಹರಿಸುತ್ತದೆ. ನಿಮ್ಮ ಆಕಳು ಕರು ಬಿಟ್ಟಾಗ ಹಾಲು ಸೊರೆಯುತ್ತದಲ್ಲ, ಅದಕ್ಕೂ ಇದೇ ಹಾರ್ಮೋನು. ನಿನ್ನೆಯವರೆಗೆ ಬೇರೆಯವರ ಮರಿ ಹತ್ತಿರ ಬಂದರೆ ತಲೆಯಿಂದ ಗುದ್ದಿ ಓಡಿಸುತ್ತಿದ್ದ ಕುರಿ, ಒಂದು ಗಳಿಗೆಯಲ್ಲಿ ಬೇರೆಯೇ ಪ್ರಾಣಿಯಾಗುತ್ತದೆ.

ಮರಿಗೆ ಆ ದನಿ ಹೊಸದೋ ಅಲ್ಲವೋ ಎಂದು ಯೋಚಿಸಿದ್ದೇನೆ. 1980ರಲ್ಲಿ ವಿಜ್ಞಾನಿಗಳು ಗಬ್ಬದ ಕುರಿಗಳ ಗರ್ಭಚೀಲದೊಳಗೇ ನೀರೊಳಗೆ ಕೆಲಸ ಮಾಡುವ ಸಣ್ಣ ಮೈಕು ಇಟ್ಟು ಕೇಳಿದರು. ತಾಯಿ ಮೇಯುವುದು, ನೀರು ಕುಡಿಯುವುದು, ಮೆಲುಕು ಹಾಕುವುದು ಒಳಗೆ ಕೇಳುತ್ತಿತ್ತು. ಹೊರಗಿನವರು ಮಾತಾಡಿದ್ದೂ ಕೇಳುತ್ತಿತ್ತು. ಅಂದರೆ ಮರಿ ಕಣ್ಣು ತೆರೆಯುವ ಮೊದಲೇ ಅದರ ಕಿವಿಗೆ ಲೋಕ ಬಂದು ಮುಟ್ಟಿರುತ್ತದೆ.

ಹುಟ್ಟಿದ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ಕಲಿಯಬೇಕು. ತಾಯಿ ಮೊದಲು ಮೂಗಿನಿಂದ ಕಲಿಯುತ್ತದೆ. ಮೈಮೇಲಿನ ಹೆರಿಗೆಯ ನೀರನ್ನು ನೆಕ್ಕುತ್ತ, ಮೊದಲ ಕೆಲವು ಗಂಟೆಗಳಲ್ಲೇ ಈ ವಾಸನೆ ನನ್ನ ಮರಿಯದು ಎಂದು ಗಟ್ಟಿಮಾಡಿಕೊಳ್ಳುತ್ತದೆ. ಆಮೇಲೆ ದನಿ. ಫ್ರಾನ್ಸಿನ ಸಂಶೋಧಕರು ಇದನ್ನು ದಿನ, ಗಂಟೆ ಲೆಕ್ಕದಲ್ಲಿ ಪರೀಕ್ಷಿಸಿದರು. ಒಂದು ದಿನ ಕಳೆಯುವಷ್ಟರಲ್ಲಿ ತಾಯಿಗೆ ತನ್ನ ಮರಿಯ ಕೂಗು ಬೇರೆಯಾಗಿ ಕೇಳುತ್ತದೆ. ಮರಿಗೆ ತಾಯಿಯ ಕೂಗು ಗುರುತಾಗಲು ಇನ್ನೊಂದು ದಿನ ಬೇಕು. ಎರಡು ದಿನದ ಮರಿ! ಇದನ್ನು ನೆನಪಿಡಿ, ಕೊನೆಗೆ ಇದೇ ವಿಷಯಕ್ಕೆ ಬರುತ್ತೇನೆ.

ಆ ಗುರುತು ಇರುವುದು ಯಾವುದರಲ್ಲಿ? ಕುರಿಯ ಕೂಗು ನಡುಗುತ್ತದೆ, ಗಮನಿಸಿದ್ದೀರಾ? ನೇರ ಗೆರೆಯಂತೆ ಬರುವುದಿಲ್ಲ. ನಾನು ಮೊದಲು ಆ ನಡುಕದಲ್ಲೇ ಗುರುತು ಇದೆ ಎಂದುಕೊಂಡಿದ್ದೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತಾಯಿ, ಮರಿಗಳ ಕೂಗನ್ನು ಮುದ್ರಿಸಿ, ಅದನ್ನು ಒಂದೊಂದು ರೀತಿ ಬದಲಿಸಿ ಕೇಳಿಸಿದರು. ಅವು ಹಿಡಿಯುವುದು ದನಿಯ ಸರಾಸರಿ ಎತ್ತರವನ್ನು, ಜೊತೆಗೆ ದನಿಯ ಬಣ್ಣವನ್ನು ಎಂದು ಕಂಡಿತು. ದನಿಯ ಬಣ್ಣ ಅಂದರೇನು ಎಂದು ಶಿರಸಿಯಲ್ಲಿ ವಿವರಿಸಬೇಕಾಗಿಲ್ಲ. ಯಕ್ಷಗಾನಕ್ಕೆ ಹೋಗಿರುತ್ತೀರಿ, ಚಹಾ ಕುಡಿಯಲು ಹೊರಗೆ ಬಂದಿರುತ್ತೀರಿ. ಒಳಗೆ ಭಾಗವತರು ಬದಲಾದರೆ, ಶ್ರುತಿ ಅದೇ ಇದ್ದರೂ, ಚಂಡೆಯ ಅಬ್ಬರದ ನಡುವೆಯೂ ಒಂದೇ ಸಾಲಿನಲ್ಲಿ ಇವರು ಇಂಥವರೇ ಎನ್ನುತ್ತೀರಲ್ಲ, ಅದು.

ಇದನ್ನು ಕಣ್ಣಾರೆ ನೋಡಬೇಕೆಂದರೆ ಸಂಜೆ ಹಟ್ಟಿಗೆ ಹೋಗಬೇಕು. ಸಣ್ಣ ಮರಿಗಳನ್ನು ಮೇಯಲು ಕಳಿಸುವುದಿಲ್ಲ, ಹಗಲು ಬಲೆಯೊಳಗೇ ಇರುತ್ತವೆ. ಸೂರ್ಯ ಕೆಳಗಿಳಿಯುವಾಗ ದೂರದಲ್ಲಿ ಧೂಳು ಏಳುತ್ತದೆ. ಮಂದೆ ಇನ್ನೂ ಒಂದು ಗದ್ದೆ ಆಚೆ ಇರುವಾಗಲೇ ಕೆಚ್ಚಲು ತುಂಬಿದ ತಾಯಂದಿರು ಕೂಗಲು ಶುರು, ಈಚೆಯಿಂದ ಮರಿಗಳೂ ಶುರು. ನೂರಾರು ಕೂಗು ಒಂದರ ಮೇಲೊಂದು. ಮೊದಲ ಸಲ ನಿಂತಾಗ ನನಗೆ ಅದು ಬರೀ ಗದ್ದಲ. ಬಲೆ ಎತ್ತುತ್ತಾರೆ. ನೀರು ಒಡೆದ ಹಾಗೆ ಮರಿಗಳು ನುಗ್ಗುತ್ತವೆ. ಈಗ ಒಂದೇ ಒಂದು ಮರಿಯನ್ನು ಹಿಡಿದು ನೋಡಿ. ಓಡುತ್ತದೆ, ನಿಲ್ಲುತ್ತದೆ, ಕಿವಿ ತಿರುಗಿಸುತ್ತದೆ, ಕೂಗುತ್ತದೆ, ದಿಕ್ಕು ಬದಲಿಸಿ ಮತ್ತೆ ಓಡುತ್ತದೆ. ದನಿ ಅದನ್ನು ತಾಯಿಯ ಹತ್ತಿರ ತಂದು ಮುಟ್ಟಿಸುತ್ತದೆ. ಮುಂದಿನದು ಮೂಗಿನ ಕೆಲಸ: ಮರಿ ಮೊಲೆಗೆ ಬಾಯಿ ಹಾಕಿ ಬಾಲ ಅಲ್ಲಾಡಿಸುವಾಗ ತಾಯಿ ಆ ಬಾಲದ ಬುಡ ಮೂಸಿ ಖಾತ್ರಿ ಮಾಡಿಕೊಳ್ಳುತ್ತದೆ. ತಪ್ಪಿ ಬಂದ ಮರಿಗೆ ಗುದ್ದು. ಕಾಲು ಗಂಟೆಯೊಳಗೆ ಇಡೀ ಮಂದೆ ಜೋಡಿಜೋಡಿಯಾಗಿ ನಿಂತಿರುತ್ತದೆ, ಕೂಗು ಅಡಗಿರುತ್ತದೆ. ಆ ನಿಶ್ಶಬ್ದದಲ್ಲಿ ಬಗ್ಗಿದರೆ ಆ ಬಾಯಿ ಮುಚ್ಚಿದ ಗುನುಗು ಕೇಳುತ್ತದೆ, ಎಲ್ಲ ಕಡೆಯಿಂದ.

ಟಗರಿನ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಬೆದೆಗೆ ಬಂದ ಕುರಿಯ ಹಿಂದೆ ಸುತ್ತುವಾಗ ಟಗರು ಹೊರಡಿಸುವುದೂ ಇದೇ ಜಾತಿಯ ತಗ್ಗಿನ ಗುನುಗು. ಓಲೈಸುವ ದನಿ, ಮರಿ ಸಾಕುವ ದನಿ, ಎರಡಕ್ಕೂ ಒಂದೇ ರಾಗ. ಕಾಳಗಕ್ಕೆ ನಿಂತ ಟಗರಿಗೆ ಕೂಗೇ ಇಲ್ಲ. ಹಿಂದೆ ಸರಿಯುತ್ತದೆ, ಓಡಿ ಬರುತ್ತದೆ, ಕೊಂಬಿನ ಸದ್ದಷ್ಟೇ.

ಇಲ್ಲಿ ಸ್ವಲ್ಪ ದಾರಿ ಬಿಡುತ್ತೇನೆ, ಭಾಷೆಯಲ್ಲಿ ಆಸಕ್ತಿ ಇರುವವರು ಇದ್ದೀರಿ. ನಾವು 'ಬ್ಯಾ' ಅನ್ನುತ್ತೇವೆ, ಆಡಿಗೆ 'ಮ್ಯಾ', 'ಮೇ' ಅನ್ನುತ್ತೇವೆ. ಮುಚ್ಚಿದ ತುಟಿ ತೆರೆಯುವಾಗ ನಮ್ಮ ಬಾಯಲ್ಲಿ ಹುಟ್ಟುವ ಅಕ್ಷರಗಳೇ ಮ ಮತ್ತು ಬ, ಅದಕ್ಕೇ ಇರಬೇಕು. ಕ್ರಿ.ಪೂ. 5ನೇ ಶತಮಾನದ ಗ್ರೀಕ್ ನಾಟಕಕಾರ ಕ್ರಾಟಿನಸ್ ಒಂದು ಸಾಲು ಬರೆದಿದ್ದಾನೆ: ಆ ದಡ್ಡ, ಕುರಿಯಂತೆ ಕೂಗುತ್ತ ನಡೆಯುತ್ತಾನೆ ಎಂದು. ಆ ಕೂಗನ್ನು ಬೀಟಾ, ಈಟಾ ಎಂಬ ಎರಡು ಅಕ್ಷರಗಳಲ್ಲಿ ಬರೆದಿದ್ದಾನೆ. ಇಂದಿನ ಗ್ರೀಕರು ಆ ಅಕ್ಷರಗಳನ್ನು ಓದಿದರೆ 'ವೀ ವೀ' ಎಂದಾಗುತ್ತದೆ. ಯಾವ ಊರಿನ ಕುರಿಯೂ ವೀ ಎನ್ನುವುದಿಲ್ಲ. ಹಾಗಾದರೆ ಅಂದು ಅದು 'ಬೇ ಬೇ' ಎಂದೇ ಇದ್ದಿರಬೇಕು, ಮನುಷ್ಯರ ಉಚ್ಚಾರ ಬದಲಾಗಿದೆ ಎಂದು ವಿದ್ವಾಂಸರು ವಾದಿಸಿದರು. ಎರಡು ಸಾವಿರ ವರ್ಷದಲ್ಲಿ ನಮ್ಮ ನಾಲಗೆ ಹೊರಳಿತು, ಕುರಿ ತನ್ನ ಮಾತು ಬಿಡಲಿಲ್ಲ. ಆ ಸಾಲಿನಲ್ಲಿ ದಡ್ಡನನ್ನು ಕುರಿಗೆ ಹೋಲಿಸಿದ್ದು ಮಾತ್ರ ನನಗೆ ಒಪ್ಪಿಗೆಯಿಲ್ಲ. ನಾವೂ ಅದನ್ನೇ ಹೇಳುತ್ತೇವೆ. 2001ರಲ್ಲಿ ಬ್ರಿಟನ್ನಿನ ಕೀತ್ ಕೆಂಡ್ರಿಕ್ ಮತ್ತು ಜೊತೆಗಾರರು ನೇಚರ್ ಪತ್ರಿಕೆಯಲ್ಲಿ ತೋರಿಸಿದರು: ಕುರಿ ಬೇರೆ 50 ಕುರಿಗಳ ಮುಖವನ್ನು ಎರಡು ವರ್ಷ ನೆನಪಿಡಬಲ್ಲದು.

ಮುಖದ ಮಾತು ಬಂದದ್ದು ಒಳ್ಳೆಯದಾಯಿತು. ಒಂದು ಸಲ ಭಟ್ಕಳದಿಂದ ಪರಿಚಯದವರು ಫೋನ್ ಮಾಡಿದರು. ಬಕ್ರೀದಿಗೆಂದು ವಾರ ಮುಂಚೆ ಒಂದು ಕುರಿ ತಂದಿದ್ದರು. "ಡಾಕ್ಟ್ರೇ, ಹಸಿ ಹುಲ್ಲು, ಹಲಸಿನ ಸೊಪ್ಪು ಎಲ್ಲ ಹಾಕಿದ್ದೇನೆ. ಮಕ್ಕಳು ಅದರ ಹತ್ತಿರವೇ ಇರುತ್ತಾರೆ. ಆದರೂ ರಾತ್ರಿಯಿಡೀ ಕೂಗುತ್ತದೆ. ನಮಗೆ ನೋಡಲಿಕ್ಕೆ ಆಗುವುದಿಲ್ಲ" ಎಂದರು. ಪಾಪ, ಬಹಳ ಅಕ್ಕರೆಯಿಂದ ನೋಡಿಕೊಂಡಿದ್ದರು. ಹೊಟ್ಟೆಯ ಕೂಗಲ್ಲ ಅದು. ಮಂದೆಯಿಂದ ಬೇರೆಯಾದ ಕುರಿ ಎತ್ತರದ ದನಿಯಲ್ಲಿ, ಒಂದೇ ಸಮನೆ, ನಡುನಡುವೆ ಉತ್ತರಕ್ಕಾಗಿ ನಿಲ್ಲಿಸಿ ಕೂಗುತ್ತದೆ. ಹಸಿದ ಕುರಿ ನಿಮ್ಮ ಕಡೆ ನೋಡಿ ಕೂಗುತ್ತದೆ, ಬುಟ್ಟಿ ಕಂಡರೆ ಜೋರಾಗುತ್ತದೆ. ಒಂಟಿ ಕುರಿ ನಿಮ್ಮನ್ನು ನೋಡುವುದಿಲ್ಲ, ಆಚೆ ನೋಡುತ್ತದೆ. ಎರಡು ಮನೆ ದಾಟಿ ಇನ್ನೊಬ್ಬರೂ ಕುರಿ ತಂದಿದ್ದರು, ಅದೂ ಕೂಗುತ್ತಿತ್ತು. ಎರಡನ್ನೂ ಒಂದೇ ಅಂಗಳದಲ್ಲಿ ಕಣ್ಣಿಗೆ ಕಾಣುವಂತೆ ಕಟ್ಟಿ ಎಂದೆ. ಆ ರಾತ್ರಿಯೇ ಕೂಗು ನಿಂತಿತು. ಇದಕ್ಕೂ ಪ್ರಯೋಗದ ಆಧಾರವಿದೆ. 2004ರಲ್ಲಿ ಕೆಂಡ್ರಿಕ್ ತಂಡದವರೇ ಒಂಟಿಯಾಗಿ ಬಿಟ್ಟ ಕುರಿಗೆ ಇನ್ನೊಂದು ಕುರಿಯ ಮುಖದ ಚಿತ್ರ ತೋರಿಸಿದರು. ಬರೀ ಚಿತ್ರ! ಕೂಗು ಇಳಿಯಿತು, ಎದೆಬಡಿತ ಇಳಿಯಿತು. ಆಡಿನ ಮುಖ ತೋರಿಸಿದರೆ ಆ ಸಮಾಧಾನ ಸಿಗಲಿಲ್ಲ.

ಆಡು, ಕುರಿ ಬೇರೆ ಎಂಬುದು ನೋವಿನಲ್ಲಿ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಬೇಲಿಯಲ್ಲಿ ಕಾಲು ಸಿಕ್ಕ ಆಡು ಇಡೀ ಕೇರಿಯನ್ನು ಎಬ್ಬಿಸುತ್ತದೆ. ಕುರಿ ಹಾಗಲ್ಲ. ಅಪಾಯ ಕಂಡರೆ ಮೂಗಿನಿಂದ ಒಮ್ಮೆ 'ಫುಸ್' ಎನ್ನುತ್ತದೆ, ಮುಂಗಾಲಿನಿಂದ ನೆಲ ಬಡಿಯುತ್ತದೆ. ಮಂದೆಯೆಲ್ಲ ತಲೆ ಎತ್ತುತ್ತದೆ. ಅಲ್ಲಿಗೆ ಮುಗಿಯಿತು, ಮುಂದೆ ಓಟ. ನಾಯಿಯೋ ಚಿರತೆಯೋ ಹಿಡಿದರೂ ಹೆಚ್ಚಿನ ಸಲ ಕೂಗುವುದಿಲ್ಲ. ಬೇಟೆಯಾಗುವ ಪ್ರಾಣಿ ತನ್ನ ನೋವನ್ನು ಜಾಹೀರು ಮಾಡಿದರೆ ಬೇಟೆಗಾರ ಅದನ್ನೇ ಆರಿಸಿಕೊಳ್ಳುತ್ತಾನೆ. ಅದಕ್ಕೇ ಕುರಿಯ ಮೌನವೂ ಒಂದು ಮಾತು. ಇದನ್ನು ನಾನು ಕಲಿತದ್ದು ಒಂದು ಜೀವ ಹೋದ ಮೇಲೆ.

ಮುಂಡಗೋಡ ಕಡೆಯ ಒಂದು ಹಳ್ಳಿ. ಲಸಿಕೆ ಹಾಕಲು ಹೋಗಿದ್ದೆ, ನಾನ್ನೂರರ ಹತ್ತಿರ ಕುರಿ. ಹೊತ್ತು ಇಳಿಯುತ್ತಿತ್ತು, ಅವಸರದಲ್ಲಿದ್ದೆ. ಮಂದೆಯ ಯಜಮಾನರ ತಾಯಿ, ಎಪ್ಪತ್ತು ದಾಟಿದ ಅಜ್ಜಿ, ಒಂದು ಕುರಿಯನ್ನು ತೋರಿಸಿ ಹೇಳಿದರು: "ಸಾಹೇಬ್ರ, ಇದನ್ನ ಸ್ವಲ್ಪ ನೋಡ್ರಿ. ಮುಂಜಾನಿಂದ ಮರಿ ಒದರಿದ್ರೂ ದನಿ ಕೊಡವಲ್ದು." ನೋಡಿದೆ. ಒಂದು ಕಡೆ ಸುಮ್ಮನೆ ನಿಂತಿತ್ತು. ಜ್ವರ ನೋಡಿದೆ, ಇಲ್ಲ. ಎದೆಗೆ ಸ್ಟೆತಾಸ್ಕೋಪ್ ಇಟ್ಟೆ, ಶ್ವಾಸಕೋಶ ಸರಿಯಿತ್ತು. "ಏನಿಲ್ಲ ಅಜ್ಜಿ, ಸಮಾಧಾನವಾಗಿ ನಿಂತಿದೆಯಲ್ಲ" ಎಂದೆ. ಅಜ್ಜಿ ನನ್ನ ಮುಖವನ್ನೇ ನೋಡಿದರು. "ಒದರೂ ಕುರಿಗೆ ಏನೋ ಬೇಕಾಗಿರತೈತ್ರಿ. ಸುಮ್ನಿದ್ದ ಕುರಿ ನೋಡಬೇಕ್ರಿ" ಎಂದರು. ನಾನು ಲಸಿಕೆ ಮುಗಿಸಿ ಹೊರಟೆ.

ಬೆಳಿಗ್ಗೆ ಆ ಕುರಿ ಸತ್ತಿತ್ತು. ಹಿಂದಿನ ದಿನ ಕಣದ ಹತ್ತಿರ ಚೆಲ್ಲಿದ್ದ ಗೋವಿನಜೋಳವನ್ನು ಹೊಟ್ಟೆ ಬಿರಿಯ ತಿಂದಿತ್ತು. ಕಾಳು ಹೆಚ್ಚಾದರೆ ಮೆಲುಕು ಹಾಕುವ ದೊಡ್ಡ ಹೊಟ್ಟೆಯಲ್ಲಿ ಹುಳಿ ಏರುತ್ತದೆ, ಅಸಿಡೋಸಿಸ್ ಅನ್ನುತ್ತೇವೆ. ಒಳಗಿನ ಸೂಕ್ಷ್ಮಜೀವಿಗಳ ಸಮತೋಲನ ತಪ್ಪಿ ಲ್ಯಾಕ್ಟಿಕ್ ಆಮ್ಲ ಉಕ್ಕುತ್ತದೆ, ಹೊಟ್ಟೆಯ ಚಲನೆ ನಿಲ್ಲುತ್ತದೆ, ಆಮ್ಲ ರಕ್ತಕ್ಕೆ ಸೇರುತ್ತದೆ. ಸಂಜೆ ನಾನು ಸ್ಟೆತಾಸ್ಕೋಪನ್ನು ಎಡ ಪಕ್ಕೆಯ ಹಿಂದಿನ ತಗ್ಗಿನಲ್ಲಿ ಇಟ್ಟಿದ್ದರೆ ಗೊತ್ತಾಗುತ್ತಿತ್ತು. ಆರೋಗ್ಯದ ಕುರಿಯಲ್ಲಿ ಅಲ್ಲಿ ನಿಮಿಷಕ್ಕೆ ಒಂದೆರಡು ಸಲ ದೂರದ ಗುಡುಗಿನಂಥ ಸದ್ದು ಬರುತ್ತದೆ. ಹೊಟ್ಟೆ ಹೊರಳುವ ಸದ್ದು ಅದು. ನಾನು ಎದೆ ಕೇಳಿದೆ, ಹೊಟ್ಟೆ ಕೇಳಲಿಲ್ಲ. ಇನ್ನೊಂದು ಸದ್ದನ್ನೂ ಆ ಸಂಜೆ ಅಜ್ಜಿ ಕೇಳಿದ್ದರು, ಆಮೇಲೆ ಹೇಳಿದರು: ಹಲ್ಲು ಕಡಿಯುವುದು. ಕರಕರ ಎಂದು ಬಹಳ ಮೆಲ್ಲಗೆ. ನೋವು ತಿನ್ನುವ ಕುರಿ ಹಲ್ಲು ಕಡಿಯುತ್ತದೆ. 2016ರಲ್ಲಿ ಕೇಂಬ್ರಿಜ್‌ನವರು ಕುರಿಯ ಮುಖದಲ್ಲಿ ನೋವು ಓದುವ ಒಂದು ಅಳತೆಗೋಲನ್ನೇ ಪ್ರಕಟಿಸಿದರು: ಕಿರಿದಾದ ಕಣ್ಣು, ಬಿಗಿದ ಕೆನ್ನೆ, ಇಳಿದ ಕಿವಿ, ಮೂಗಿನ ಹೊಳ್ಳೆಯ ಆಕಾರ. ಅದನ್ನು ಓದಿದ ದಿನ ನನಗೆ ಆ ಕುರಿಯ ಮುಖ ಕಣ್ಣೆದುರಿಗೆ ಬಂತು. ಎಲ್ಲವೂ ಅಲ್ಲಿತ್ತು.

ಅದರ ಮರಿಗೆ ಮೂರು ದಿನ. ನಾನು ಹೋದಾಗ ಕೂಗುತ್ತಲೇ ಇತ್ತು, ದನಿ ಒಡೆದಿತ್ತು. ಅದೇ ಬೆಳಗಿನ ಜಾವ ಇನ್ನೊಂದು ಕುರಿ ಸತ್ತ ಮರಿಯನ್ನು ಈದಿತ್ತು. ಅಜ್ಜಿ ತಡಮಾಡಲಿಲ್ಲ. ಸತ್ತ ಮರಿಯನ್ನೂ ಅದರ ಸುತ್ತಲಿನ ಹೆರಿಗೆಯ ನೀರನ್ನೂ ತಂದು ಈ ತಬ್ಬಲಿಯ ಮೈಗೆ, ತಲೆಗೆ, ಮುಖ್ಯವಾಗಿ ಬಾಲದ ಬುಡಕ್ಕೆ ಚೆನ್ನಾಗಿ ಉಜ್ಜಿದರು. ಕಾಲುಗಳನ್ನು ಸಡಿಲವಾಗಿ ಕಟ್ಟಿದರು, ಆಗಷ್ಟೇ ಹುಟ್ಟಿದ ಮರಿ ಎದ್ದು ಓಡುವುದಿಲ್ಲವಲ್ಲ. ಕುರಿಯ ಮುಂದೆ ಇಟ್ಟರು. ಜಗತ್ತಿನಲ್ಲಿ ಕುರಿ ಸಾಕುವ ಎಷ್ಟೋ ಕಡೆ ಈ ಉಪಾಯ ಗೊತ್ತು. ಕುರಿ ಮೂಸಿತು. ನೆಕ್ಕಿತು. ಗುನುಗು ಶುರುವಾಯಿತು. ಅಜ್ಜಿ ನನ್ನ ಕಡೆ ತಿರುಗಿ "ಇಕೀದು ಆತ್ರಿ. ಮರೀದು ಆಗಬೇಕು" ಎಂದರು.

ಆಗ ಆ ಮಾತಿನ ಆಳ ನನಗೆ ತಿಳಿಯಲಿಲ್ಲ. ತಾಯಿಯ ಮೂಗನ್ನು ಒಪ್ಪಿಸಬಹುದು. ಮರಿಗೆ ಮೂರು ದಿನ ಆಗಿದೆ, ಅದರ ಕಿವಿಯಲ್ಲಿ ಆಗಲೇ ಒಂದು ದನಿ ಕೂತಿದೆ. ಕಟ್ಟು ಬಿಚ್ಚಿದ ಕೂಡಲೇ ಮರಿ ಸತ್ತ ಕುರಿ ಮಲಗಿದ್ದ ಕಡೆಗೇ ಓಡಿತು. ಹಸಿವು ತಾಳದೆ ಬಂದು ಹೊಸ ಕುರಿಯ ಹಾಲು ಕುಡಿಯಿತು, ಕುಡಿದು ಮತ್ತೆ ಅತ್ತ ನಡೆದು ಕೂಗಿತು. ಅಜ್ಜಿ ಇಬ್ಬರನ್ನೂ ಚಿಕ್ಕದೊಂದು ಬಲೆಯೊಳಗೆ ಬಿಟ್ಟರು. ಎರಡು ದಿನ ಆ ಕುರಿಯನ್ನು ಮೇಯಲೂ ಕಳಿಸಲಿಲ್ಲ, ಸೊಪ್ಪು ಅಲ್ಲಿಗೇ ತಂದು ಹಾಕಿದರು.

ಮೂರನೆಯ ಸಂಜೆ ಯಾವ ಕೆಲಸವೂ ಇಲ್ಲದೆ ಹೋದೆ. ಅಂದು ಆ ಕುರಿಯನ್ನು ಮಂದೆಯ ಜೊತೆ ಮೇಯಲು ಬಿಟ್ಟಿದ್ದರು. ಧೂಳು ಎದ್ದಿತು, ಎರಡೂ ಕಡೆಯಿಂದ ಕೂಗು ಶುರುವಾಯಿತು, ಬಲೆ ಎತ್ತಿದರು. ಬೇರೆ ಮರಿಗಳೆಲ್ಲ ನುಗ್ಗಿದವು. ಇದು ಇದ್ದಲ್ಲೇ ನಿಂತಿತ್ತು. ಅಜ್ಜಿ ನನ್ನ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು ಅದನ್ನೇ ನೋಡುತ್ತಿದ್ದರು, ಮಾತಿಲ್ಲ. ಗದ್ದಲದ ಆಚೆಯಿಂದ ಒಂದು ಕೂಗು ಬಂತು. ನನಗೆ ಅದು ಉಳಿದವುಗಳಂತೆಯೇ ಕೇಳಿತು. ಮರಿಯ ಕಿವಿ ಎದ್ದಿತು. ಒಮ್ಮೆ ಕೂಗಿತು, ಉತ್ತರ ಬಂತು, ಓಡಿತು. ಕಾಲುಗಳ ನಡುವೆ ನುಸುಳಿ, ಎರಡು ಕಡೆ ಗುದ್ದು ತಿಂದು, ಹೋಗಿ ಸೇರಿತು. ಕುರಿ ಬಾಲ ಮೂಸಿತು. ಅದರ ಬಾಯಿ ಮುಚ್ಚಿತ್ತು, ಗಂಟಲು ಅದುರುತ್ತಿತ್ತು. ನಾನು ಹತ್ತಿರ ಹೋಗಿ, ಒಂದು ಮೊಳ ದೂರದಲ್ಲಿ ಕೂತೆ. ಆಗ ಕೇಳಿಸಿತು.